ಕಾಕುವಿನ ಕೆನ್ನೆ, ಸರ್‌ ಅವರ ಪಟ್ಟಿ

ಕಳೆದ ಸೋಮವಾರ, ನಾನು ವಿಜ್ಞಾನ ಕಲಿಸುವ ಹುನಗುಂದದ ಶಾಲೆಗೆ ಕಪ್ಪೆ ಇಟ್ಟ ಹೊಸ ಬಾಟಲಿ ಬಂತು. ಮುಚ್ಚಳ ಸಡಿಲವಾಗಿತ್ತು. ಕೊಳೆಯದಂತೆ ಹಾಕುವ ಫಾರ್ಮಲಿನ್ ವಾಸನೆ ಮೂಗಿಗೆ ಬಡಿದದ್ದೇ ತಡ, ಬಾಗಲಕೋಟೆಯ ನಮ್ಮ ಸರ್ ನೆನಪಾದರು.

ಎಂಬತ್ತರಲ್ಲಿ ಬಿ.ಎಸ್ಸಿ. ಮುಗಿಸಿ ಅವರ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ್ದೆ. ಬಾಯಿಯ ಕ್ಯಾನ್ಸರ್ ಅವರ ವಿಷಯ. ದೊಡ್ಡ ದೊಡ್ಡ ವೈದ್ಯಕೀಯ ಪತ್ರಿಕೆಗಳಲ್ಲಿ ಅವರ ಲೇಖನಗಳು ಬರುತ್ತಿದ್ದವು. ಅವುಗಳ ಪಟ್ಟಿಗೆ ಗಾಜಿನ ಚೌಕಟ್ಟು ಹಾಕಿಸಿ, ಮನೆಯಲ್ಲಿ ದೇವರ ಫೋಟೋ ಹಾಕುವಷ್ಟು ಎತ್ತರಕ್ಕೆ ತೂಗುಹಾಕಿದ್ದರು. ಹೊಸ ಲೇಖನ ಬಂದರೆ ನಾನು ಪಟ್ಟಿಯನ್ನು ಮತ್ತೆ ಟೈಪು ಮಾಡಬೇಕು. ಆ ದಿನ ಅವರು ಗಿರಮಿಟ್ ತರಿಸುತ್ತಿದ್ದರು. ಜನರ ಕೆನ್ನೆಯ ತುಣುಕುಗಳಿದ್ದ ಬಾಟಲಿಗಳನ್ನು ಮೊಣಕೈಯಿಂದ ಸರಿಸಿ, ಅದೇ ಮೇಜಿನ ಮೇಲೆ ಬೆರಳು ನೆಕ್ಕುತ್ತ ತಿನ್ನುತ್ತಿದ್ದರು.

ತುಣುಕುಗಳು ಇಳಕಲ್ಲಿನವು, ನನ್ನೂರಿನವು. ಅಲ್ಲಿ ಮಗ್ಗದ ಕುಣಿಗೆ ಇಳಿದವರು ಬೇಗ ಏಳುವುದಿಲ್ಲ. ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕಿ, ಒಂದೇ ದವಡೆಗೆ ಇಟ್ಟುಕೊಂಡು ತಾಸುಗಟ್ಟಲೆ ನೇಯುತ್ತಾರೆ. ನಮ್ಮ ಓಣಿಯ ಕಾಕುವೂ ಹಾಗೆಯೇ. ರಕ್ತಸಂಬಂಧವಲ್ಲ, ಆದರೂ ಓಣಿಗೆಲ್ಲ ಆಕೆ ಕಾಕು, ಅಂದರೆ ಚಿಕ್ಕಮ್ಮ. ಎಡಗೆನ್ನೆಯ ಒಳಗೆ ಆಕೆಗೊಂದು ಬಿಳಿ ಹುಣ್ಣಾಗಿತ್ತು, ಮಾಯುತ್ತಲೇ ಇರಲಿಲ್ಲ. ನಾಗರಪಂಚಮಿಯ ವಾರ ಸರ್ ಬಂದು ಚೂರು ಕತ್ತರಿಸಿ ಬಾಟಲಿಗೆ ಹಾಕಿಕೊಂಡರು, ಬಾಯಿಯ ಫೋಟೋ ತೆಗೆದರು.

"ಏನರ ಇದ್ರ ಹೇಳಿ ಕಳಸ್ತೇನ್ರಿ," ಎಂದರು.

ದೀಪಾವಳಿಗೆ ನಾನು ಕೇಳಿದೆ. ಅವಸರ ಮಾಡಬೇಡ ಎಂದರು. ಸಂಕ್ರಾಂತಿಗೆ ಕೇಳಿದೆ. ಇನ್ನೂ ನೋಡಿಲ್ಲ ಎಂದರು. ಎರಡೂ ನನ್ನ ದಿನಚರಿಯಲ್ಲಿವೆ.

ಯುಗಾದಿ ಕಳೆದ ಮೇಲೆ ಹೊಸ ಲೇಖನ ಅಚ್ಚಾಗಿ ಬಂತು. ಪಟ್ಟಿಗೆ ಸೇರಿಸಲೆಂದು ಬಿಡಿಸಿದರೆ ಒಳಗೆ ಒಂದು ಬಾಯಿಯ ಚಿತ್ರ. ಕಣ್ಣಿಲ್ಲ, ಹೆಸರಿಲ್ಲ. ಆದರೆ ಮುಂದಿನ ಹಲ್ಲಿನಲ್ಲಿ, ರೇಷ್ಮೆ ಎಳೆ ಕಡಿದು ಕಡಿದು ಬಿದ್ದ ಕಚ್ಚು ಇತ್ತು. ಕಾಕುವಿನ ಹಲ್ಲು! ಕೆಳಗೆ ಕ್ಯಾನ್ಸರ್ ಎಂದು ಸ್ಪಷ್ಟವಾಗಿ ಬರೆದಿತ್ತು. ಲೇಖನ ಪತ್ರಿಕೆಯ ಕೈಸೇರಿದ ತಾರೀಖೂ ಇತ್ತು, ದೀಪಾವಳಿಗಿಂತ ಮುಂಚಿನದು. ಇನ್ನೂ ನೋಡಿಲ್ಲ ಎಂದವರು ನೋಡಿ, ಬರೆದು, ಅಂಚೆಗೂ ಹಾಕಿಯಾಗಿತ್ತು.

ಅದೇ ದಿನ ಇಳಕಲ್ಲಿನ ಬಸ್ಸು ಹತ್ತಿದೆ. ಕಾಕು ಮಗ್ಗದ ಕುಣಿಯಲ್ಲೇ ಇದ್ದಳು. ಕೆನ್ನೆ ಹೊರಗೂ ಊದಿತ್ತು. ಹುಬ್ಬಳ್ಳಿಯ ದವಾಖಾನೆಗೆ ಹೋಗೋಣವೆಂದು ಮಗ ಎಷ್ಟು ಗೋಗರೆದರೂ ಆಕೆ ಎದ್ದಿರಲಿಲ್ಲ.

"ಯಾಕ ಹೋಗ್ಲಿ? ನನ್ನ ತುಣುಕು ನಿಮ್ಮ ಸರ್ ಹಂತ್ಯಾಕ ಐತಿ. ಏನರ ಇದ್ದಿದ್ರ ಅಷ್ಟ ದೊಡ್ಡ ಮನಷ್ಯಾ ಸುಮ್ಮ ಕುಂದರತಿದ್ದನೇನ?" ಎಂದು ನನ್ನನ್ನೇ ಛೇಡಿಸಿದಳು. "ಅದಿರಲಿ, ನಿನಗ ವರಾ ನೋಡ್ಯಾರೋ ಇಲ್ಲೋ? ಸೀರಿ ಮಾತ್ರ ನಾನ ನೇಯಾಕಿ, ನೋಡವಾ!"

ನಕ್ಕಳು. ನಗಲಿಕ್ಕೆ ಬಾಯಿ ಪೂರ್ತಿ ತೆರೆಯಲಿಲ್ಲ...

ನಾನು ಓದಿದ್ದನ್ನು ಹೇಳಿದೆ. ಮರುದಿನ ಮಗನೊಂದಿಗೆ ಹೊರಟಳು. ಹುಬ್ಬಳ್ಳಿಯವರು, ಹೋದ ದೀಪಾವಳಿಯ ಹೊತ್ತಿಗೇ ಬರಬೇಕಿತ್ತು ಎಂದರು.

ಇದನ್ನು ಹೇಳಿದಾಗ ಸರ್ ಗಿರಮಿಟ್ ತಿನ್ನುವುದನ್ನೂ ನಿಲ್ಲಿಸಲಿಲ್ಲ. "ಒಬ್ಬಾಕಿಗೆ ಹೇಳಿದ್ರ ಓಣಿ ಮಂದಿಯೆಲ್ಲಾ ಹೆದರಿ ಬಾಯಿ ತಗಿಯೂದ ಬಿಡತಾರ. ನಾ ಔಷಧ ಕೊಡಾಂವ ಅಲ್ಲವಾ, ಬರಿಯಾಂವ."

"ಹೇಳಿ ಕಳಸ್ತೇನಿ ಅಂದಿದ್ರೆಲ್ರಿ ಸರ್?"

"ಅದು ಆಕಿ ಸಮಾಧಾನಕ್ಕ ಅಂದದ್ದು."

ಅಂದೇ ಕೆಲಸ ಬಿಟ್ಟೆ. ಆ ವರ್ಷದ ನಾಗರಪಂಚಮಿಯನ್ನು ಕಾಕು ಕಾಣಲಿಲ್ಲ.

ಸರ್ ಬರೆಯುತ್ತಲೇ ಹೋದರು. ಅವವೇ ಬಾಟಲಿಗಳನ್ನು ಒಮ್ಮೆ ನೇಕಾರರು ಎಂದು, ಒಮ್ಮೆ ಹೆಂಗಸರು ಎಂದು, ಒಮ್ಮೆ ಸುಣ್ಣ ಎಂದು ಮುಂದಿಟ್ಟರು. ಆಮೇಲೆ ಡಿಎನ್‌ಎ ಪರೀಕ್ಷೆ ಬಂತು, ಮತ್ತೆ ಅವೇ ಬಾಟಲಿಗಳು. ಹಳಸಿದ ಸಾರನ್ನು ದಿನಾ ಕಾಯಿಸಿ ಬಡಿಸಿದ ಹಾಗೆ. ನನಗೆ ಸಿಕ್ಕವನ್ನೆಲ್ಲ ತಾರೀಖು ಹಾಕಿ ಇಟ್ಟುಕೊಂಡಿದ್ದೇನೆ. ಪ್ರತಿಯೊಂದರ ಕೊನೆಯಲ್ಲೂ ಸಹಕರಿಸಿದ ರೋಗಿಗಳಿಗೆ ಕೃತಜ್ಞತೆ ಹೇಳಿದ್ದಾರೆ. ನೀನು ರೋಗಿ ಎಂಬುದನ್ನು ಮಾತ್ರ ಕಾಕುವಿಗೆ ಹೇಳಲಿಲ್ಲ.

ಸೋಮವಾರ ಕೈಯನ್ನು ಸಾಬೂನಿನಿಂದ ಎಷ್ಟು ತೊಳೆದರೂ ವಾಸನೆ ಹೋಗಲಿಲ್ಲ. ಹೋದ ತಿಂಗಳು, ವಯಸ್ಸು ಮೀರಿದ ಮೇಲೆ, ನನ್ನ ಮದುವೆಯಾಯಿತು, ಸೀರೆ ಅಂಗಡಿಯಿಂದ ತಂದದ್ದು. ಅದನ್ನು ನೇಯಬೇಕಿದ್ದವಳು ಮಣ್ಣಾಗಿದ್ದಾಳೆ. ಆಕೆಯ ಕೆನ್ನೆಯ ಚೂರು ಮಾತ್ರ ಬಾಗಲಕೋಟೆಯ ಆ ಕಪಾಟಿನಲ್ಲಿ ಕೊಳೆಯದೆ ಕುಳಿತಿದೆ, ಸರ್‌ ಅವರ ಮುಂದಿನ ಲೇಖನಕ್ಕೆ...