ಕೂತವರ ಎತ್ತರದ ಕಿಟಕಿ

ಕಳೆದ ಮಳೆಗಾಲದಲ್ಲಿ ಲಕ್ಷ್ಮೇಶ್ವರದ ನನ್ನ ಮನೆಯ ಓಣಿಯ ಕಡೆಯ ಗೋಡೆ ಕುಸಿಯಿತು. ಅದನ್ನು ಕಟ್ಟಲು ಬಂದ ಗೌಂಡಿ ನಿನ್ನೆ ಕೇಳಿದ: "ಅಕ್ಕೋರ, ಕಿಟಕಿ ಎಷ್ಟು ಎತ್ತರಕ್ಕ ಇಡ್ಲಿ?" ಎರಡು ಮಾತಿನಲ್ಲಿ ಮುಗಿಯಬೇಕಾದ ಪ್ರಶ್ನೆ. ನಾನು "ನಾಳೆ ಹೇಳ್ತೀನಿ" ಎಂದು ಒಳಗೆ ಬಂದು ಕೂತೆ. ಒಂದು ಕಿಟಕಿಗೆ ಇಷ್ಟು ಯೋಚಿಸುವ ಮುದುಕಿಯನ್ನು ಕಂಡು ಅವನು ಮನಸ್ಸಿನಲ್ಲೇ ನಕ್ಕಿರಬೇಕು.

ಅಕ್ಕೋರು ಎಂಬ ಹೆಸರು ನನಗೆ ಬಂದದ್ದು ಬೆಟಗೇರಿಯಲ್ಲಿ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿಯ ನೇಕಾರರ ಓಣಿಯ ಬಾಲವಾಡಿಗೆ ಶಿಕ್ಷಕಿಯಾಗಿ ನನ್ನನ್ನು ಕಳಿಸಿದರು. ಅಬ್ಬಾ ಲಕ್ಷ್ಮೇಶ್ವರದ ಬಜಾರದಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಅಲ್ಲಿ ಮನೆಯಲ್ಲಿ ಉರ್ದು, ಬೆಟಗೇರಿಯ ಓಣಿಯಲ್ಲಿ ಕನ್ನಡ, ಸಂಜೆ ಬಾಡಿಗೆ ಕೋಣೆಯ ಬಾಗಿಲು ಹಾಕಿಕೊಂಡರೆ ಯಾವ ಮಾತೂ ಇಲ್ಲ. ಓಣಿಯವರು ನನ್ನನ್ನು ಪ್ರೀತಿಯಿಂದಲೇ ಕಂಡರು. ಆದರೆ ಕತ್ತಲಾಗುತ್ತಲೇ ಎಲ್ಲರಿಗೂ ತಂತಮ್ಮ ಮನೆ ಇರುತ್ತದೆ ನೋಡಿ. ಒಬ್ಬಳಿಗಾಗಿ ರೊಟ್ಟಿ ಬಡಿಯುವಷ್ಟು ಬೇಸರದ ಕೆಲಸ ಇನ್ನೊಂದಿಲ್ಲ. ಎಷ್ಟೋ ದಿನ ಚುರುಮುರಿ ತಿಂದು ಮಲಗಿದ್ದೇನೆ.

ಬಾಲವಾಡಿ ನಡೆಯುತ್ತಿದ್ದದ್ದು ನೇಯ್ಗೆ ನಿಂತುಹೋದ ಒಂದು ಹಳೆಯ ಮಗ್ಗದ ಮನೆಯಲ್ಲಿ. ನೇಕಾರ ಕಾಲು ಇಳಿಬಿಟ್ಟು ಕೂರುವ ಕುಣಿ ನೆಲದ ನಡುವೆ ಹಾಗೆಯೇ ಇತ್ತು. ಮೇಲೆ ಹಲಗೆ ಮುಚ್ಚಿದ್ದೆವು. ಹಲಗೆ ಸರಿಸಿ ಅದರೊಳಗೆ ಇಳಿಯುವುದು ಮಕ್ಕಳ ಆಟ, ಅವರನ್ನು ಮೇಲೆತ್ತುವುದು ನನ್ನ ಪಾಠ. ಮಾಡು ಸೋರುತ್ತಿತ್ತು. ಕೊನೆಗೆ ಓಣಿಯವರೇ ಹೊಸ ಬಾಲವಾಡಿಗೆ ಗೋಡೆ ಎಬ್ಬಿಸಿದರೆ ಹಂಚಿನ ಛಾವಣಿಗೆ ಸರ್ಕಾರ ಹಣ ಕೊಡುತ್ತದೆ ಎಂಬ ಖಬರು ಬಂತು.

ಅಮಾವಾಸ್ಯೆಯ ದಿನ ಆ ಓಣಿಯಲ್ಲಿ ಮಗ್ಗಕ್ಕೆ ಬಿಡುವು. ಉಳಿದ ದಿನ ಮಗ್ಗ ಬಿಟ್ಟರೆ ಹೊಟ್ಟೆಗಿಲ್ಲ. ಹಾಗಾಗಿ ನಮ್ಮ ಬಾಲವಾಡಿಯ ಗೋಡೆ ತಿಂಗಳಿಗೊಮ್ಮೆ, ಅಮಾವಾಸ್ಯೆಗೆ ಮಾತ್ರ ಬೆಳೆಯಿತು. ಗಂಡಸರು ಕಲ್ಲು ಹೊತ್ತರು, ಹೆಂಗಸರು ಮಣ್ಣು ತುಳಿದರು. ಮೇಸ್ತ್ರಿ ಎಂದರೆ ಹಿರಿಯ ನೇಕಾರ ಈರಪ್ಪಜ್ಜ. ಗೋಡೆ ನಿಂತದ್ದೇ ತಡ, ಮೇಲೆ ಚಾಪೆ ಕಟ್ಟಿ ನಾವು ಒಳಹೊಕ್ಕೆವು.

ಕಿಟಕಿ ನೆಲದಿಂದ ಒಂದು ಗೇಣು ಮೇಲಿತ್ತು. ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ, ಓಣಿಯ ಎಲ್ಲ ಮನೆಗಳಲ್ಲೂ ಹಾಗೆಯೇ. ಕುಣಿಯಲ್ಲಿ ಕೂತವನ ನೂಲಿನ ಮೇಲೆ ಬೆಳಕು ಬೀಳಬೇಕಲ್ಲ. ಇಲ್ಲಿ ಮಗ್ಗ ಇರುವುದಿಲ್ಲ ಎಂಬುದು ಅವರ ಕೈಗಳಿಗೆ ಮರೆತೇ ಹೋಗಿತ್ತು.

ಆ ಕಿಟಕಿಯ ಪಕ್ಕದ ಜಾಗ ಶಂಕ್ರವ್ವನದು. ನಾಲ್ಕು ವರ್ಷದ ಪೋರಿ. ಅವಳ ತಾಯಿ ನೀಲವ್ವ ಗಂಡ ಸತ್ತವಳು, ಎದುರು ಮನೆಯ ಕಟ್ಟೆಯ ಮೇಲೆ ರಾಟಿ ಹಾಕಿಕೊಂಡು ನೇಕಾರರಿಗೆ ನೂಲು ಸುತ್ತಿ ಕೊಡುತ್ತಿದ್ದಳು. ಹಳೆಯ ಮಗ್ಗದ ಮನೆಯಲ್ಲಿ ಒಂದು ತಾಸೂ ನಿಲ್ಲದೆ ಅತ್ತು ಓಡುತ್ತಿದ್ದ ಮಗು ಇಲ್ಲಿ ದಿನವಿಡೀ ಕೂತಿತು. ಹಾಡಿನ ನಡುವೆ ಒಮ್ಮೆ ಹೊರಗೆ ನೋಡುವುದು, ಅವ್ವ ಇದ್ದಾಳೆ ಎಂದು ಖಾತ್ರಿ ಮಾಡಿಕೊಂಡು ಮತ್ತೆ ಹಾಡುವುದು. ನೀಲವ್ವ ನನಗೆ ಹೇಳಿದ್ದಳು: "ಅಕ್ಕೋರ, ಇಕಿ ಕೈಯಾಗ ರಾಟಿ ಕೊಡೂದಿಲ್ಲ ನಾ. ಇಕಿ ನಾಕಕ್ಷರ ಕಲೀಬೇಕು."

ಛಾವಣಿಯ ಹಣ ಬಿಡುವ ಮೊದಲು ಸಾಹೇಬರು ನೋಡಲು ಬಂದರು. "ಕಿಟಕಿ ಇಷ್ಟು ಕೆಳಗ ಯಾಕ?" ಎಂದರು. ಈರಪ್ಪಜ್ಜ ಒಳಗೆ ಹೋಗಿ ಕಿಟಕಿಯ ಮುಂದೆ ಕಾಲು ಮಡಚಿ ಕೂತ. "ಕುಂತ್ರ ಸರಿ ಐತಿ ನೋಡ್ರಿ ಸಾಹೇಬ್ರ." ಆಮೇಲೆ ಅವನಿಗೇ ಮಗ್ಗವಿಲ್ಲದ ಮನೆಗೆ ತಾನು ಮಗ್ಗದ ಕಿಟಕಿ ಇಟ್ಟದ್ದು ಹೊಳೆದು ನಗು ಬಂತು, ಎಲ್ಲರೂ ನಕ್ಕರು, ಸಾಹೇಬರೂ ನಕ್ಕರು. ಕೆಟ್ಟ ಮನುಷ್ಯರಲ್ಲ. "ನಕ್ಷಾದಾಗ ಹಿಂಗಿಲ್ಲ. ನಾಳೆ ಒಂದ್ ಕೂಸು ಹೊರಗ ಉರುಳಿದ್ರ ಯಾರು ಹೊಣಿ? ಇದನ್ನ ಮುಚ್ಚಿ ಮ್ಯಾಲ ಇಡ್ರಿ, ಹಣಾ ಬರತೈತಿ," ಎಂದು ಹೋದರು.

ಮುಂಗಾರಿನ ಮಿರಗದ ಮಳೆ ಹತ್ತಿರವಿತ್ತು. ಸಂಜೆ ಓಣಿಯವರೆಲ್ಲ ಸೇರಿದರು. ಎಲ್ಲರ ಕಣ್ಣೂ ನೀಲವ್ವನ ಮೇಲೆ. ಅವಳೇ ಹೇಳಿದಳು: "ನನ್ನ ಒಂದು ಕೂಸಿನ ಸಲುವಾಗಿ ಎಲ್ಲಾ ಹುಡುಗ್ರು ತೊಯ್ಯೂದು ಬ್ಯಾಡ. ಮುಚ್ರಿ." ಮೊದಲ ಕಲ್ಲನ್ನು ಅವಳೇ ತಂದಿಟ್ಟಳು.

ಛಾವಣಿ ಬಂತು. ಹೊಸ ಕಿಟಕಿಯಿಂದ ಆಕಾಶ ಕಾಣುತ್ತಿತ್ತು, ನೀಲವ್ವ ಕಾಣುತ್ತಿರಲಿಲ್ಲ. ಶಂಕ್ರವ್ವ ಮುಚ್ಚಿದ ಗೋಡೆಗೆ ಮುಖ ಮಾಡಿ ಅಳುತ್ತ ಕೂತಳು, ಆಮೇಲೆ ಬರುವುದನ್ನೇ ಬಿಟ್ಟಳು. ಕರೆಯಲು ಹೋದರೆ ತಾಯಿಯ ಸೀರೆಯ ಹಿಂದೆ ಅಡಗುತ್ತಿದ್ದಳು. "ಇರ್ಲಿ ಬಿಡ್ರಿ ಅಕ್ಕೋರ, ಅತ್ತು ಅತ್ತು ಸೊರಗ್ಯಾಳ," ಎನ್ನುತ್ತಿದ್ದಳು ನೀಲವ್ವ, ನನ್ನ ಮುಖ ನೋಡದೆ. ದಸರೆಯ ಹೊತ್ತಿಗೆ ಆ ಪುಟ್ಟ ಕೈ ರಾಟಿ ತಿರುಗಿಸುತ್ತಿತ್ತು. ಮಳೆ ಜಡಿದು ಬಿದ್ದಾಗ ಉಳಿದ ಮಕ್ಕಳು ಬೆಚ್ಚಗೆ ಕೂತು ಹಾಡುತ್ತಿದ್ದರು. ಅದು ಸಣ್ಣ ಸಂತೋಷವಲ್ಲ. ಆದರೂ ಹಾಡು ಮುಗಿದಾಗ ಹೊರಗಿನಿಂದ ರಾಟಿಯ ಸದ್ದು ಕೇಳಿದರೆ ನನಗೆ ಮುಂದಿನ ಹಾಡು ನೆನಪಾಗುತ್ತಿರಲಿಲ್ಲ.

ಕಿಟಕಿ ಮುಚ್ಚಿದ ಮೇಲೆ ಇನ್ನೊಂದು ಸಂಗತಿ ಗೊತ್ತಾಯಿತು. ಅದು ತೆರೆದಿದ್ದಾಗ, ಮಕ್ಕಳು ಮನೆಗೆ ಹೋದ ಮೇಲೆ ನಾನೂ ಅಲ್ಲೇ ನೆಲದ ಮೇಲೆ ಕೂತು ಓಣಿ ನೋಡುತ್ತಿದ್ದೆ. ಹಾದು ಹೋಗುವವರು ಸೊಂಟ ಬಗ್ಗಿಸಿ "ಊಟಾ ಆತೇನ್ರಿ ಅಕ್ಕೋರ?" ಎಂದು ಕೇಳುತ್ತಿದ್ದರು. ಆಗಿಲ್ಲ ಎಂದರೆ ಯಾವುದಾದರೂ ಮನೆಯಿಂದ ರೊಟ್ಟಿ ಬರುತ್ತಿತ್ತು. ಎತ್ತರದ ಕಿಟಕಿಯ ಹೊರಗೆ ಹೋಗುವವರ ಕಾಲ ಸಪ್ಪಳ ಮಾತ್ರ ಕೇಳುತ್ತದೆ. ಮುಂದೆ ಶಿರಹಟ್ಟಿ, ಮುಂಡರಗಿ ಎಂದು ಎಷ್ಟೋ ಬಾಲವಾಡಿಗಳಲ್ಲಿ ದುಡಿದೆ. ಎಲ್ಲ ಕಿಟಕಿಗಳೂ ನಕ್ಷೆಯಲ್ಲಿದ್ದ ಹಾಗೆಯೇ ಇದ್ದವು.

ಈ ಬೆಳಿಗ್ಗೆ ಗೌಂಡಿ ಮತ್ತೆ ಕೇಳಿದ. ನಾನು ಗೋಡೆ ಹಿಡಿದು, ಹಟ ಮಾಡುವ ಮೊಣಕಾಲುಗಳನ್ನು ಬೈಯುತ್ತ, ನೆಲದ ಮೇಲೆ ಕೂತೆ. ನನ್ನ ಕಣ್ಣಿನ ಎದುರಿನ ಜಾಗ ತೋರಿಸಿದೆ. "ಇಲ್ಲಿ."

"ಇಷ್ಟು ಕೆಳಗೇನ್ರಿ ಅಕ್ಕೋರ? ಓಣ್ಯಾಗ ಹೋಗೋರೆಲ್ಲಾ ಹಣಿಕಿ ಹಾಕ್ತಾರ."

"ಹಾಕ್ಲಿ ಬಿಡಪ್ಪಾ," ಎಂದೆ. "ಯಾರರ ಹಾಕ್ಲಿ."