ಲೆಕ್ಕಕ್ಕೆ ಬಾರದ ಎಸೆತಕ್ಕೂ ಒಂದು ಬತ್ತಿ

ಇದು ನಡೆದದ್ದು ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ. ನಮ್ಮ ಯಜಮಾನರು ತೀರಿಕೊಂಡ ಮೇಲೆ ನಾನು ಅಮೆರಿಕದ ಫ್ರೀಮಾಂಟಿನಲ್ಲಿರುವ ಮಗಳು ರೇಖಾಳ ಮನೆಗೆ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ. ತಿಪಟೂರು ಕಡೆಯ ಹಳ್ಳಿಯ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು ನಾನು. ಬರೆದು ರೂಢಿಯಿಲ್ಲ. ಮೈಸೂರಿನಲ್ಲಿರುವ ಮಗನ ಮಕ್ಕಳಿಬ್ಬರೂ ಫೋನಿನಲ್ಲಿ "ನಿಧಿ ಅಕ್ಕ ಹೇಗೆ ಅಷ್ಟು ಫೇಮಸ್ ಆದ್ಲು, ನೀವೇ ಬರ್ದು ಕಳ್ಸಿ ಅಜ್ಜಿ" ಎಂದು ಬೆನ್ನು ಬಿದ್ದಿದ್ದರಿಂದ ಬರೆಯುತ್ತಿದ್ದೇನೆ.

ನಿಧಿ ರೇಖಾಳ ಮಗಳು. ಆಗ ಅವಳಿಗೆ ಹದಿನಾರು. ಬೇಸ್‌ಬಾಲ್ ಎಂದರೆ ಅವಳಿಗೆ ಊಟ ತಿಂಡಿ ಎರಡೂ ಬೇಡ. ಆಡಲು ಬರುವುದಿಲ್ಲ, ಚೆಂಡು ಹಿಡಿಯಲು ಹೋದರೆ ಮೂಗಿಗೇ ಬೀಳುತ್ತದೆ. ಆದರೆ ಯಾರು ಎಷ್ಟು ಸಲ ಹೊಡೆದರು, ಚೆಂಡು ಯಾವ ಕಡೆ ಹೋಯಿತು ಎಂಬುದನ್ನೆಲ್ಲ ಬರೆದಿಟ್ಟು, ಅದರಿಂದ ಏನೇನೋ ಲೆಕ್ಕ ತೆಗೆದು ತನ್ನ ಬ್ಲಾಗಿನಲ್ಲಿ ಹಾಕುತ್ತಿದ್ದಳು. ದೊಡ್ಡ ತಂಡಗಳ ಲೆಕ್ಕ ಬರೆಯುವವರು ಬೇಕಾದಷ್ಟು ಜನರಿದ್ದಾರಂತೆ. ಇವಳು ಹಿಡಿದದ್ದು ನಮ್ಮ ಮನೆಯ ಹತ್ತಿರದ ಪಾರ್ಕಿನಲ್ಲಿ ಹೈಸ್ಕೂಲು ಹುಡುಗರು ಬೇಸಿಗೆ ರಜೆಯಲ್ಲಿ ಆಡುವ ಪಂದ್ಯಗಳನ್ನು.

"ಎಷ್ಟು ಜನ ಓದ್ತಾರೆ ಪುಟ್ಟಿ?" ಎಂದು ಒಮ್ಮೆ ಕೇಳಿದೆ.

"ಹನ್ನೊಂದು ಜನ ಅಜ್ಜಿ. ಬಟ್ ಅದ್ರಲ್ಲಿ ಇಬ್ರು ಅಪ್ಪಾನೇ. ಮನೆ ಲ್ಯಾಪ್‌ಟಾಪು, ಆಫೀಸ್ ಲ್ಯಾಪ್‌ಟಾಪು."

ರೇಖಾಳಿಗೂ ಅಳಿಯ ಪ್ರಸನ್ನರಿಗೂ ಆಫೀಸು. ಮಗಳನ್ನು ಒಂಟಿಯಾಗಿ ಮೈದಾನಕ್ಕೆ ಕಳಿಸಲು ಮನಸ್ಸಿಲ್ಲದೆ ನನ್ನನ್ನು ಜೊತೆ ಮಾಡಿದರು. ನನಗೋ ಗುರುತಿಲ್ಲದವರ ಮುಖ ನೋಡಿದರೆ ನಾಲಿಗೆ ಒಣಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಹಾಕಿದ್ದ ಬೆಂಚುಗಳಲ್ಲಿ ಎಲ್ಲಕ್ಕಿಂತ ಮೇಲಿನ ಮೂಲೆಯಲ್ಲಿ, ಸೀರೆಯ ಮೇಲೆ ಸ್ವೆಟರು ಹಾಕಿ ಕೂರುತ್ತಿದ್ದೆ. ಯಾರಾದರೂ ನಕ್ಕು "ಹಾಯ್" ಎಂದರೆ ತಲೆ ತಗ್ಗಿಸುತ್ತಿದ್ದೆ.

ಸುಮ್ಮನೆ ಕೂತು ಗೊತ್ತಿಲ್ಲದ ನಾನು ಒಂದು ಸ್ಟೀಲಿನ ಡಬ್ಬಿಯಲ್ಲಿ ಅರಳೆ ಒಯ್ದು ಹೂಬತ್ತಿ ಮಾಡತೊಡಗಿದೆ. ಚೆಂಡು ಎಸೆಯುವವನನ್ನು ಇಲ್ಲಿ ಪಿಚರ್ ಎನ್ನುತ್ತಾರೆ. ಅವನ ಕೈಯಿಂದ ಚೆಂಡು ಹೊರಟಿತೋ, ನನ್ನ ಕೈಯಲ್ಲಿ ಒಂದು ಬತ್ತಿ. ಆಟ ಅರ್ಥವಾಗದ ನನಗೆ ಕಣ್ಣಿಗೊಂದು ಕೆಲಸ ಬೇಕಿತ್ತು, ಅಷ್ಟೆ. ಪಿಚರ್ ಬದಲಾದರೆ ಅಷ್ಟನ್ನು ದಾರದಿಂದ ಕಟ್ಟಿ ಹೊಸ ಕಟ್ಟು ಶುರು ಮಾಡುತ್ತಿದ್ದೆ.

ನಿಧಿ ಒಂದು ದಿನ ಇದನ್ನು ನೋಡಿಬಿಟ್ಟಳು. "ಅಜ್ಜಿ! ನೀವು ಪಿಚ್ ಕೌಂಟ್ ಮಾಡ್ತಿದೀರಾ? ನಂಗೆ ಅದೊಂದೇ ಬರಿಯೋಕೆ ಆಗ್ತಾ ಇರ್ಲಿಲ್ಲ!" ಎಂದು ನನ್ನ ಕೆನ್ನೆಗೆ ಮುತ್ತು ಕೊಟ್ಟಳು. ಪಿಚ್ ಕೌಂಟ್ ಎಂದರೆ ಎಸೆತಗಳ ಲೆಕ್ಕ. ಅಂದಿನಿಂದ ಪ್ರತಿ ಕಟ್ಟಿಗೂ ಆ ಪಿಚರ್‌ನ ಅಂಗಿಯ ಮೇಲಿನ ನಂಬರು ಬರೆದ ಚೀಟಿ ಸಿಕ್ಕಿಸಿ ಮನೆಗೆ ಒಯ್ದು ಎಣಿಸುವುದು ಅವಳ ಕೆಲಸವಾಯಿತು. ಎಳೆಯ ಹುಡುಗರ ತೋಳು ಹಾಳಾಗಬಾರದೆಂದು ಒಬ್ಬ ಪಿಚರ್ ದಿನಕ್ಕೆ ಇಷ್ಟೇ ಎಸೆಯಬೇಕೆಂಬ ಮಿತಿ ಇದೆಯಂತೆ. ಜುಲೈ ಹೊತ್ತಿಗೆ ನಿಧಿ ಕಣ್ಣರಳಿಸಿಕೊಂಡು ಬಂದಳು. ತಂಡಕ್ಕೆ ಹೆಚ್ಚಾಗಿ ಎಸೆಯುವ ಒಬ್ಬ ಉದ್ದನೆಯ ಹುಡುಗನಿಗೆ, ಅವನ ಕೋಚ್ ಪಂದ್ಯ ನಡೆಸುವವರಿಗೆ ಬರೆದುಕೊಟ್ಟ ಲೆಕ್ಕಕ್ಕಿಂತ ನಮ್ಮ ಬತ್ತಿಗಳು ಪ್ರತಿ ಸಲವೂ ಮೂವತ್ತು, ನಲವತ್ತು ಹೆಚ್ಚಿಗೆ ಇದ್ದವು.

ಅವಳು ಅದನ್ನು ಬ್ಲಾಗಿನಲ್ಲಿ ಬರೆದಳು. ಮಿತಿ ದಾಟಿದೆ, ಲೆಕ್ಕ ಸರಿಯಾಗಿ ಬರೆದಿಲ್ಲ ಎಂದು ನೇರವಾಗಿಯೇ ಬರೆದಳು. ಬೇಸ್‌ಬಾಲ್ ಬಗ್ಗೆ ಬರೆಯುವ ಯಾರೋ ದೊಡ್ಡವರ ಕಣ್ಣಿಗೆ ಅದು ಬಿತ್ತು. ಅವರು ಹತ್ತು ಜನಕ್ಕೆ ಹೇಳಿದರು, ಆ ಹತ್ತು ಜನ ಊರಿಗೆಲ್ಲ ಹೇಳಿದರು. ಒಂದೇ ವಾರದಲ್ಲಿ ಸಾವಿರಾರು ಜನ ಓದಿದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೇಸ್‌ಬಾಲ್ ಲೆಕ್ಕದ ಹುಚ್ಚಿರುವವರದೇ ಒಂದು ಕೂಟವಿದೆ. ಅವರು ಶನಿವಾರ ಒಂದು ಲೈಬ್ರರಿಯಲ್ಲಿ ಸೇರುತ್ತೇವೆ, ನೀನು ಬಂದು ಮಾತನಾಡು ಎಂದು ಕರೆದರು. ರೇಖಾ ಹೋಳಿಗೆ ಮಾಡಿದಳು. ಪ್ರಸನ್ನ ಆಫೀಸಿನವರಿಗೆಲ್ಲ ಆ ಬ್ಲಾಗು ತೋರಿಸಿದರು.

ಭಾನುವಾರ ಬೆಳಗ್ಗೆ ಆ ಕೋಚ್‌ನಿಂದ ಪತ್ರ ಬಂತು. ಸಿಟ್ಟಿನ ಪತ್ರವಲ್ಲ. "ನನ್ನ ಹತ್ತಿರ ಎಲ್ಲ ಪಂದ್ಯಗಳ ವೀಡಿಯೊ ಇದೆ. ನಾನು ಮತ್ತೆ ಎಣಿಸಿ ನೋಡಿದೆ. ನನ್ನ ಲೆಕ್ಕ ಸರಿಯಾಗಿಯೇ ಇದೆ. ನೀವೂ ನೋಡಿ" ಎಂದು ಬರೆದು ವೀಡಿಯೊ ಕಳಿಸಿದ್ದರು.

ನಿಧಿಯ ಮುಖ ಬಿಳಿಚಿತು. "ಅಜ್ಜಿ, ಕರೆಕ್ಟಾಗಿ ಎಣಿಸಿದ್ರಿ ತಾನೇ?"

ನನಗೆ ಸ್ವಲ್ಪ ನೋವೇ ಆಯಿತು. ಲಕ್ಷಬತ್ತಿಯ ವ್ರತಕ್ಕೆ ಲಕ್ಷ ಬತ್ತಿ ಹೊಸೆದು ಎಣಿಸಿದ ಕೈ ಇದು. "ಟೀವಿಗೆ ಹಾಕು, ನಿನ್ನ ಕಣ್ಣೆದುರಿಗೇ ಮಾಡ್ತೀನಿ" ಎಂದು ಅರಳೆ ತೆಗೆದುಕೊಂಡು ಕೂತೆ.

ಆಟ ಶುರುವಾಗುವ ಮುಂಚೆ ಆ ಹುಡುಗ ಕೈ ಸಡಿಲ ಮಾಡಿಕೊಳ್ಳಲು ನಾಲ್ಕಾರು ಚೆಂಡು ಎಸೆದ. ನಾನು ನಾಲ್ಕಾರು ಬತ್ತಿ ಮಾಡಿದೆ. ನಿಧಿ ನನ್ನ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಅವನು ಓಡಲು ಕಾದು ನಿಂತಿದ್ದ ಎದುರಾಳಿಯನ್ನು ಹೆದರಿಸಲು ಪಕ್ಕದ ‘ಬೇಸ್’ ಎಂಬ ಗುರುತಿನ ಕಡೆಗೆ ಚೆಂಡು ಎಸೆದ. ನಾನು ಇನ್ನೊಂದು ಬತ್ತಿ ಮಾಡಿದೆ.

"ಅಜ್ಜಿ! ಅದೆಲ್ಲ ಕೌಂಟ್ ಆಗಲ್ಲ!"

"ಯಾಕೆ? ಎಸೆದ್ನಲ್ಲ."

"ಅದು ಪ್ರಾಕ್ಟೀಸು, ಪ್ರತಿ ಇನಿಂಗ್‌ಗೂ ಮುಂಚೆ ಹಾಕೋದು! ಇದು ಬ್ಯಾಟರ್‌ಗೆ ಹಾಕಿದ್ದಲ್ಲ! ಓ ಮೈ ಗಾಡ್. ಇಡೀ ಸಮ್ಮರ್ ಹೀಗೇ ಎಣಿಸಿದ್ರಾ?"

ಹೌದು, ಇಡೀ ಬೇಸಿಗೆ ಹಾಗೆಯೇ ಎಣಿಸಿದ್ದೆ. ಯಾವುದು ಲೆಕ್ಕಕ್ಕೆ, ಯಾವುದು ಅಲ್ಲ ಎಂದು ನಾಚಿಕೆಯಿಂದ ನಾನು ಕೇಳಿರಲಿಲ್ಲ. ಅಜ್ಜಿಗೆ ಗೊತ್ತಿರುತ್ತದೆ ಎಂದುಕೊಂಡು ಅವಳೂ ಹೇಳಿರಲಿಲ್ಲ. "ಲೆಕ್ಕಕ್ಕೆ ಬರದೇ ಇದ್ರೆ ತೋಳು ನೋಯಲ್ವಾ ಪುಟ್ಟಿ?" ಎಂದು ನನಗೆ ತಿಳಿಯದೆ ಕೇಳಿದೆ. ಅವಳು ಸೋಫಾದ ದಿಂಬಿಗೆ ಮುಖ ಒತ್ತಿಕೊಂಡು ಅತ್ತಳು. "ನಾನು ಆ ಕೋಚನ್ನ ಸುಳ್ಳುಗಾರ ಅಂತ ಬರ್ದೆ ಅಜ್ಜಿ. ಅಷ್ಟು ಜನ ಓದಿದಾರೆ."

ಪ್ರಸನ್ನರಿಗೆ ಮಗಳ ಕಣ್ಣೀರು ನೋಡಲಾಗಲಿಲ್ಲ. "ಸುಮ್ನೆ ಡಿಲೀಟ್ ಮಾಡ್ಬಿಡು ಪುಟ್ಟ. ಹುಷಾರಿಲ್ಲ, ಬರೋಕಾಗಲ್ಲ ಅಂತ ಅವ್ರಿಗೆ ಬರೆದುಬಿಡೋಣ. ಎರಡು ದಿನಕ್ಕೆ ಎಲ್ರೂ ಮರೀತಾರೆ" ಎಂದರು.

ಅಳಿಯನ ಎದುರು ನಾನು ಹೆಚ್ಚು ಮಾತನಾಡುವವಳಲ್ಲ. ಅಂದು ಮಾತ್ರ ತಡೆಯಲಾಗಲಿಲ್ಲ. "ತಪ್ಪು ತಿಳ್ಕೋಬೇಡಿ. ಒಂದು ಮಾತು ಹೇಳ್ತೀನಿ" ಎಂದೆ. ಮದುವೆಯಾದ ಹೊಸತರಲ್ಲಿ ನಮ್ಮ ಅತ್ತೆ ಲಕ್ಷಬತ್ತಿ ಹಿಡಿದಿದ್ದರು. ನೂರು ಬತ್ತಿಗೊಂದು ಕಟ್ಟು. ನಾನು ಬೇಗ ಮುಗಿಸುವ ಆಸೆಗೆ ತೊಂಬತ್ತೇಳಕ್ಕೇ ಒಂದು ಕಟ್ಟು ಕಟ್ಟಿಬಿಟ್ಟೆ. ಅತ್ತೆ ಕೈಯಲ್ಲಿ ಹಿಡಿದ ಕೂಡಲೇ ಅದು ಅವರಿಗೆ ಗೊತ್ತಾಯಿತು. ಬೇರೆ ಮನೆಯ ಹೆಂಗಸರೆಲ್ಲ ಕೂತಿದ್ದ ಪಡಸಾಲೆಯಲ್ಲಿಯೇ "ಬಿಚ್ಚು, ಎಣಿಸು" ಎಂದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು. ಆದರೆ ಮಾರನೆಯ ದಿನದಿಂದ ಎಲ್ಲರೂ ತಂತಮ್ಮ ಕಟ್ಟುಗಳನ್ನು ಎಣಿಸಲು ನನ್ನ ಕೈಗೇ ಕೊಡತೊಡಗಿದರು.

"ಎಲ್ಲರೆದುರಿಗೆ ಕಟ್ಟಿದ್ದನ್ನ ಎಲ್ಲರೆದುರಿಗೇ ಬಿಚ್ಚಬೇಕು ಕಂದ" ಎಂದೆ.

ನಿಧಿ ಎದ್ದು ಮೂಗು ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂತಳು. ಎಣಿಕೆಯಲ್ಲಿ ಏನು ತಪ್ಪಾಯಿತು ಎಂಬುದನ್ನು ಬ್ಲಾಗಿನ ತಲೆಯ ಮೇಲೆಯೇ ಬರೆದಳು. ಕೋಚ್‌ಗೆ ಕ್ಷಮೆ ಕೇಳಿದಳು. ಕೂಟದವರಿಗೂ ಅದನ್ನೇ ಬರೆದು, ಇನ್ನು ನಾನು ಬರುವುದು ಬೇಡವೇನೋ ಎಂದು ಸೇರಿಸಿದಳು. ಸಂಜೆಗೆ ಉತ್ತರ ಬಂತು. ಆ ಕೂಟ ನಡೆಸುವ ವಯಸ್ಸಾದ ಹೆಂಗಸು, "ಖಂಡಿತ ಬಾ. ತಪ್ಪನ್ನೂ ಜೊತೆಗೇ ಕರೆದುಕೊಂಡು ಬಾ" ಎಂದು ಬರೆದಿದ್ದರು.

ಮಾರನೆಯ ಬೆಳಗ್ಗೆ ನಾನು ಹಲ್ಲುಜ್ಜಿ ಬರುವುದರೊಳಗೆ ನಿಧಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. "ಅಜ್ಜಿ, ನಿನ್ನೆ ಏನಂದ್ರಿ? ತೋಳಿನ ವಿಷ್ಯ?"

"ಏನಂದೆ? ಲೆಕ್ಕಕ್ಕೆ ಬರದೇ ಇದ್ರೂ ನೋಯಲ್ವಾ ಅಂದೆ."

"ಎಕ್ಸಾಕ್ಟ್ಲಿ!" ಎಂದು ಅವಳು ಕುಣಿದೇಬಿಟ್ಟಳು. "ನೋಯುತ್ತೆ ಅಜ್ಜಿ! ನಮ್ಮ ಲೀಗ್‌ನಲ್ಲಿ ಅದನ್ನ ಯಾರೂ ಎಣಿಸಿಲ್ಲ. ನೀವು ಎಣಿಸಿದೀರಿ!"

ಆ ವಾರ ನಾವಿಬ್ಬರೂ ಟೀವಿ ಬಿಟ್ಟು ಏಳಲಿಲ್ಲ. ಕೋಚ್ ಕಳಿಸಿದ ವೀಡಿಯೊಗಳನ್ನೆಲ್ಲ ಹಾಕಿ ಮತ್ತೆ ಎಣಿಸಿದೆವು. ಲೆಕ್ಕಕ್ಕೆ ಬರುವ ಎಸೆತಕ್ಕೆ ಬಿಳಿ ಬತ್ತಿ, ಬಾರದ್ದಕ್ಕೆ ಬಣ್ಣದ ಬತ್ತಿ ಇರಲಿ ಎಂದ ನಿಧಿ ದೇವರ ಮುಂದಿನ ಕುಂಕುಮದ ಭರಣಿಯನ್ನೇ ತಂದು ನನ್ನ ಮುಂದಿಟ್ಟಳು. ಯಜಮಾನರು ಹೋದ ಮೇಲೆ ನಾನು ಕುಂಕುಮ ಮುಟ್ಟಿರಲಿಲ್ಲ. ಅವಳಿಗೆ ಅದೆಲ್ಲ ಗೊತ್ತಿಲ್ಲ. ರೇಖಾ ಒಲೆಯ ಹತ್ತಿರದಿಂದ ನನ್ನನ್ನೇ ನೋಡಿದಳು. ನಾನು ಬೆರಳಿಗೆ ಕುಂಕುಮ ಹಚ್ಚಿಕೊಂಡು ಹೊಸೆಯತೊಡಗಿದೆ. ರೇಖಾ ನನಗೆ ಕಾಫಿ ತಂದುಕೊಟ್ಟಳು, ದೊಡ್ಡ ಲೋಟದಲ್ಲಿ.

ಶನಿವಾರ ನಾನು, ರೇಖಾ, ನಿಧಿ ಮೆಟ್ರೋ ರೈಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದೆವು. ಪ್ರಸನ್ನ ಮಾತ್ರ ಕಾರಿನಲ್ಲೇ ಬರುತ್ತೇನೆಂದು ಹೊರಟು, ನಿಲ್ಲಿಸಲು ಜಾಗ ಹುಡುಕಿ ಹುಡುಕಿ ನಮಗಿಂತ ಮುಕ್ಕಾಲು ಗಂಟೆ ತಡವಾಗಿ ಬಂದರು. ಲೈಬ್ರರಿಯ ಕೋಣೆಯಲ್ಲಿ ಐವತ್ತು ಅರವತ್ತು ಜನ, ಹೆಚ್ಚಿನವರು ತಲೆ ನರೆತವರು. ಹಿಂದಿನ ಸಾಲಿನಲ್ಲಿ ತಂಡದ ಟೋಪಿ ಹಾಕಿಕೊಂಡು ಕೂತವರನ್ನು ತೋರಿಸಿ ನಿಧಿ "ಅಮ್ಮಾ, ಆ ಕೋಚ್ ಬಂದಿದಾರೆ" ಎಂದು ರೇಖಾಳ ಕೈ ಹಿಡಿದುಕೊಂಡಳು.

ಅವಳು ಎದ್ದು ನಿಂತು ಮೊದಲು ಹೇಳಿದ್ದೇ, ನಾನು ತಪ್ಪು ಬರೆದೆ ಎಂದು. ತಪ್ಪು ಎಣಿಸಿದವರದಲ್ಲ, ಕೇಳದೆ ಬರೆದ ನನ್ನದು ಎಂದಳಂತೆ. ಅಷ್ಟು ಇಂಗ್ಲಿಷು ನನಗೆ ತಿಳಿಯುವುದಿಲ್ಲ. ರೇಖಾ ಕಿವಿಯಲ್ಲಿ ಹೇಳುತ್ತಿದ್ದಳು. ಆಮೇಲೆ ನಿಧಿ ಡಬ್ಬಿ ತೆರೆದು ಆ ಉದ್ದನೆಯ ಹುಡುಗನ ಒಂದು ಪಂದ್ಯದ ಬತ್ತಿಗಳನ್ನು ಮೇಜಿನ ಮೇಲೆ ಎರಡು ಗುಡ್ಡೆ ಹಾಕಿದಳು. ಬಿಳಿಯದೊಂದು, ಕೆಂಪಿನದೊಂದು. ಕೆಂಪಿನ ಗುಡ್ಡೆ ನೋಡಿ ಜನರೆಲ್ಲ ಮುಂದಕ್ಕೆ ಬಾಗಿದರು.

ಕೂಟದ ಆ ಹಿರಿಯ ಹೆಂಗಸು ಇವು ಏನು ಎಂದು ಕೇಳಿದರು. ದೇವರ ದೀಪಕ್ಕೆ ಹಾಕುವ ಬತ್ತಿ ಎಂದಳು ನಿಧಿ. "ಹಾಗಾದರೆ ಈ ಎಸೆತಗಳೆಲ್ಲ ಕೊನೆಗೆ ದೇವರಿಗೆ ಹೋಗುತ್ತವೋ?" ಎಂದು ಅವರು ನನ್ನ ಕಡೆ ತಿರುಗಿದರು. ರೇಖಾ ಹೇಳಿದ ಮೇಲೆ ನಾನು ಹೌದೆಂದು ತಲೆಯಾಡಿಸಿದೆ. ಕೋಣೆಯೆಲ್ಲ ನಕ್ಕಿತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಅಷ್ಟರಲ್ಲಿ ಕೋಚ್ ಎದ್ದು ನಿಂತರು. ನಗು ನಿಂತಿತು. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಧಿಗೆ ಹೇಳಿದ್ದನ್ನು ರೇಖಾ ನನಗೆ ಹೀಗೆ ಹೇಳಿದಳು. "ನಿನ್ನ ಮೊದಲ ಬರಹ ಓದಿದಾಗ ನನಗೆ ನಿದ್ದೆ ಬರಲಿಲ್ಲ. ಎರಡನೆಯದು ಓದಿದಾಗ ನೀನು ಹೇಳಿದ್ದನ್ನು ನಂಬಬಹುದು ಅನ್ನಿಸಿತು. ಆ ಕೆಂಪು ಗುಡ್ಡೆಯ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ನಾಳೆಯಿಂದ ಅದನ್ನೂ ಎಣಿಸುತ್ತೇನೆ. ಆ ಹುಡುಗನ ಭುಜ ಈಗಾಗಲೇ ನೋಯುತ್ತಿದೆ, ಇದರಿಂದಲೇ ಇರಬಹುದು." ಮೊದಲು ಚಪ್ಪಾಳೆ ತಟ್ಟಿದ್ದು ಅವರೇ. ಬಾಗಿಲಲ್ಲಿ ಆಗತಾನೆ ಬಂದು ನಿಂತಿದ್ದ ಪ್ರಸನ್ನ, ಏನು ನಡೆಯಿತೆಂದೇ ತಿಳಿಯದೆ, ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಆಮೇಲೆ ನಡೆದದ್ದು ನಿಮಗೆಲ್ಲ ಗೊತ್ತೇ ಇದೆ. ನಿಧಿಯ ಬ್ಲಾಗನ್ನು ಓದುವವರು ಈಗ ಎಲ್ಲೆಲ್ಲಿಯೋ ಇದ್ದಾರೆ. ಒಂದು ಕಾಲೇಜಿನ ತಂಡದವರು ಅವಳನ್ನು ಕರೆದು ತಮ್ಮ ಹುಡುಗರ ಎಸೆತಗಳನ್ನು ಎಣಿಸುವುದು ಹೇಗೆಂದು ಕೇಳಿಕೊಂಡರು. ಎಲ್ಲರೂ ಅವಳು ಹೊಸ ಲೆಕ್ಕ ಕಂಡುಹಿಡಿದಳು ಎನ್ನುತ್ತಾರೆ. ನನ್ನ ಕಣ್ಣಿಗೆ ಕಟ್ಟಿರುವುದು ಅದಲ್ಲ. ಅಷ್ಟು ಜನರ ಮುಂದೆ, ತಾನು ನೋಯಿಸಿದವರ ಎದುರಿಗೇ, ಅವಳು ತಲೆಯೆತ್ತಿ ನನ್ನ ತಪ್ಪು ಎಂದಳಲ್ಲ, ಆ ಗಳಿಗೆ. ನನ್ನ ಹೊಟ್ಟೆ ತಂಪಾದದ್ದು ಆಗ.

ಮರು ಬೇಸಿಗೆ ನಾನು ಮೈದಾನಕ್ಕೆ ಹೋದಾಗ ಆ ಉದ್ದನೆಯ ಹುಡುಗನ ತಾಯಿ ಮೇಲಿನ ಮೂಲೆಯವರೆಗೆ ಹತ್ತಿ ಬಂದು ನನ್ನ ಪಕ್ಕದಲ್ಲಿ ಕೂತರು. ಅವರಿಗೆ ಕನ್ನಡ ಬಾರದು, ನನಗೆ ಇಂಗ್ಲಿಷು ಬಾರದು. ಕೈ ಚಾಚಿ ಅರಳೆ ಕೇಳಿದರು. ಅವರು ಹೊಸೆದ ಮೊದಲ ಬತ್ತಿ ನನ್ನ ಹೆಬ್ಬೆರಳಿನಷ್ಟು ದಪ್ಪವಿತ್ತು. ಇಬ್ಬರೂ ಅದನ್ನು ನೋಡಿ ನಕ್ಕೂ ನಕ್ಕೂ ಮೂರು ಎಸೆತ ಎಣಿಸುವುದನ್ನೇ ಮರೆತೆವು. ಕೆಳಗಿನಿಂದ ನಿಧಿ "ಅಜ್ಜೀ, ಕಾನ್ಸಂಟ್ರೇಟ್!" ಎಂದು ಕೂಗಿದಳು.