ನೆಗೆಣ್ಣಿಗೆ ಬಂದ ಕಾಯಿಲೆ

ಹೇಳಿದರೆ ನಗುತ್ತೀರಿ, ನನಗೆ ನೆಗೆಣ್ಣಿಯ ಕಾಯಿಲೆಯ ಮೇಲೆ ಹೊಟ್ಟೆಕಿಚ್ಚು ಬಂದಿತ್ತು.

ಇಳಕಲ್ಲಿನ ನಮ್ಮ ಓಣಿಗೆ ಕಾಮಣಿ, ಅಂದರೆ ಕಾಮಾಲೆ, ತಪಾಸಣೆಯವರು ಬಂದಾಗ ಮನೆಯ ಸೊಸೆಯರಿಬ್ಬರೂ ಒಟ್ಟಿಗೆ ರಕ್ತ ಕೊಟ್ಟಿದ್ದೆವು. ಇಬ್ಬರಿಗೂ ಹೆಪಟೈಟಿಸ್ ಇತ್ತು. ನೆಗೆಣ್ಣಿಗೆ, ಅಂದರೆ ಮೈದುನನ ಹೆಂಡತಿಗೆ, ಸಿ; ನನಗೆ ಬಿ. ಮೊದಲೆಲ್ಲ ಇದಕ್ಕೆ ಹುಬ್ಬಳ್ಳಿಗೆ ಅಲೆಯಬೇಕಿತ್ತಂತೆ, ಈಗ ನಮ್ಮ ಜಿಲ್ಲೆಯ ನವನಗರದ ದವಾಖಾನೆಯಲ್ಲೇ ಗುಳಿಗೆ ಪುಕ್ಕಟೆ ಸಿಗುತ್ತದೆ. ಡಾಕ್ಟರು ಅವಳಿಗೆ, "ಮೂರು ತಿಂಗಳು ತಪ್ಪದ ತಗೋರಿ, ಪೂರಾ ಹೋಗ್ತದ" ಅಂದರು. ನನಗೆ, "ನಿಮ್ಮದು ಹತೋಟ್ಯಾಗ ಇರ್ತದ್ರಿ, ಗುಳಿಗಿ ಮಾತ್ರ ಬಿಡಬ್ಯಾಡ್ರಿ" ಅಂದರು.

"ಎಷ್ಟ ದಿನಾರೀ?"

"ದಿನಾ ತಗೊಂತನ ಇರಬೇಕ್ರಿ."

ಮನೆಗೆಲಸದಲ್ಲೂ ಹಗುರಾದದ್ದನ್ನೇ ಹಿಡಿಯುವವಳು, ರೋಗದಲ್ಲೂ ಹಗುರಾದದ್ದನ್ನೇ ಆರಿಸಿಕೊಂಡಳಲ್ಲ ಎಂದು ಬಸ್ಸಿನಲ್ಲಿ ಅವಳ ಪಕ್ಕದಲ್ಲೇ ಕೂತು ಕುದ್ದೆ.

ಕೂಡಿ ಉಂಡರೆ ಇದು ಅಂಟುವುದಿಲ್ಲ ಎಂದು ನರ್ಸು ಮೂರು ಸಲ ಹೇಳಿದ್ದಳು. ಮನೆಮಂದಿಗೆಲ್ಲ ಬಿ ಲಸಿಕೆಯೂ ಆಯಿತು. ಆದರೂ ಅತ್ತೆ ನಮ್ಮಿಬ್ಬರ ತಾಟುಗಳನ್ನು ಬೇರೆ ಮಾಡಿ ಕಿಟಕಿಯ ಕೆಳಗಿಟ್ಟರು. ನಾವಿಬ್ಬರೂ ಅಲ್ಲೇ ಕೂತು ಉಣ್ಣತೊಡಗಿದೆವು.

ಗುಳಿಗೆ ಮುಗಿದು, ಕಡೆಯ ಪರೀಕ್ಷೆಯೂ ಆಗಿ, ಅವಳ ರಕ್ತದಲ್ಲಿ ಏನೂ ಉಳಿದಿಲ್ಲ ಎಂದು ಗೊತ್ತಾಯಿತು. ಅವತ್ತೇ ಅತ್ತೆ ಅವಳ ತಾಟನ್ನು ಎಲ್ಲರ ತಾಟುಗಳ ಜೊತೆ ಸೇರಿಸಿದರು. ನನ್ನದು ಕಿಟಕಿಯ ಕೆಳಗೇ ಉಳಿಯಿತು. ಅವಳು ಪಡಸಾಲೆಯಲ್ಲಿ ಎಲ್ಲರ ಜೊತೆ ನಗುತ್ತ ಉಣ್ಣುವುದನ್ನು ಕಂಡರೆ ಮೈ ಉರಿಯುತ್ತಿತ್ತು. ಮತ್ತೆ ಬರಲಿ ಅವಳಿಗೆ ಎಂದು ಒಮ್ಮೆ ಅಂದುಕೊಂಡದ್ದೂ ಹೌದು.

ಒಂದು ಮಧ್ಯಾಹ್ನ ನಾನೊಬ್ಬಳೇ ಕಿಟಕಿಯ ಹತ್ತಿರ ಉಣ್ಣುತ್ತಿದ್ದೆ. ಅವಳು ಬಂದು ಎದುರಿಗೆ ಕೂತು, ನನ್ನ ತಾಟಿನೊಳಗಿನ ರೊಟ್ಟಿ ಮುರಿದು, ನನ್ನ ಎಣ್ಣೆಗಾಯಿಗೇ ಅದ್ದಿ ಬಾಯಿಗೆ ಹಾಕಿಕೊಂಡಳು.

ಅತ್ತೆ ಒಲೆಯ ಮುಂದಿನಿಂದ ಚೀರಿದರು: "ಏ, ಈಗರ ಆರಾಮಾಗೀದಿ, ಏಳ ಅಲ್ಲಿಂದ!"

"ಕೂಡಿ ಉಂಡ್ರ ಏನೂ ಆಗಂಗಿಲ್ರಿ ಅತ್ತಿ. ನರ್ಸ್‌ಬಾಯಿ ಹೇಳ್ಯಾರಲ್ಲ," ಎಂದು ಇನ್ನೊಂದು ತುತ್ತು ಮುರಿದಳು. "ಅಕ್ಕಾ, ಉಪ್ಪ ಕಡಿಮಿ ಆಗೇದ."

ಮರುದಿನ ಅತ್ತೆ ನನ್ನ ತಾಟನ್ನೂ ಎಲ್ಲರ ತಾಟುಗಳ ಜೊತೆ ಸೇರಿಸಿದರು. ನನಗೆ ಸಂತೋಷಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು, ಈ ಸಲ ಅವಳ ಕಾಯಿಲೆಯ ಮೇಲಲ್ಲ. ಅಷ್ಟು ತಿಂಗಳು ಅವಳ ತಾಟು ನನ್ನ ತಾಟಿನ ಪಕ್ಕದಲ್ಲೇ ಇತ್ತು. ನರ್ಸಿನ ಮಾತನ್ನು ನಾನೂ ಕೇಳಿದ್ದೆ. ಒಂದು ದಿನವೂ ಅವಳ ತಾಟಿಗೆ ನಾನು ಕೈ ಹಾಕಿರಲಿಲ್ಲ.